ಮೂರು ಫೇಸ್ ಜೊತೆಗೆ 15 ಕೆವಿಎ ಜನರೇಟರ್: ಮೈಸೂರಿನ ಮನೆಗಳಿಗೆ ಮಾರುವ ಪ್ಯಾಕೇಜಿನ ವಿಮರ್ಶೆ

ಮೈಸೂರಿನಲ್ಲಿ 40×60 ಸೈಟಿನ ಮನೆಗೆ ಕರೆಂಟಿನ ಕೊಟೇಶನ್ ಕೇಳಿ ನೋಡಿ. ವಿಜಯನಗರವಾಗಲಿ, ಬೋಗಾದಿಯಾಗಲಿ, ದಟ್ಟಗಳ್ಳಿಯಾಗಲಿ, ಎರಡು ಎಸಿ, ಒಂದು ಕಾರ್ ಚಾರ್ಜರ್ ಅಂದ ಕೂಡಲೇ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಮೂರು ಫೇಸ್ ಮಾಡಿಸಿಬಿಡಿ ಸಾರ್, ಜೊತೆಗೆ 15 ಕೆವಿಎ ಸೈಲೆಂಟ್ ಹಾಕಿಸಿ, ಇಡೀ ಮನೆ ಓಡುತ್ತೆ." ಈ ಮಾತಿನ ಮೊದಲ ಅರ್ಧ ಸರಿ. ಎರಡನೇ ಅರ್ಧ ಬಹಳಷ್ಟು ಮನೆಗಳ ಮಟ್ಟಿಗೆ ತಪ್ಪು ಲೆಕ್ಕ. ಮೂರು ಫೇಸಿನ ಮೋಟಾರಾಗಲಿ ಲಿಫ್ಟಾಗಲಿ ಇಲ್ಲದ ಮನೆಯಲ್ಲಿ 15 ಕೆವಿಎ ಮೂರು ಫೇಸ್ ಸೆಟ್ಟಿಗಿಂತ 10 ಕೆವಿಎ ಸಿಂಗಲ್ ಫೇಸ್ ಸೆಟ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಅದೂ ಕಡಿಮೆ ಡೀಸೆಲ್ಲಿನಲ್ಲಿ.

ಯಂತ್ರದ ಗುಣದ ಬಗ್ಗೆ ತಕರಾರಿಲ್ಲ. ಕಿರ್ಲೋಸ್ಕರ್, ಮಹೀಂದ್ರ ಮುಂತಾದ ಕಂಪನಿಗಳು ಈ ಗಾತ್ರದ ಸೆಟ್ಟುಗಳನ್ನು ಬಹುಕಾಲದಿಂದ ಮಾಡುತ್ತಿವೆ. 2023ರ ಜುಲೈನಿಂದ ಜಾರಿಗೆ ಬಂದ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ 4+ ನಿಯಮದ ಎಂಜಿನ್‌ಗಳು ಹಳೆಯವಕ್ಕಿಂತ ಕಡಿಮೆ ಹೊಗೆ ಬಿಡುತ್ತವೆ. ಜನರೇಟರನ್ನು ಮುಚ್ಚಿದ ಡಬ್ಬದಿಂದ ಒಂದು ಮೀಟರ್ ದೂರದಲ್ಲಿ ಸದ್ದು 75 ಡೆಸಿಬೆಲ್ ಮೀರಬಾರದೆಂಬ ನಿಯಮವೂ ಇದೆ. ಮೈಸೂರು, ಮಂಡ್ಯ ಎರಡೂ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಕೆಳಗೇ ಇರುವುದರಿಂದ ಎತ್ತರದ ಲೆಕ್ಕದಲ್ಲಿ ಎಂಜಿನ್ನಿನ ಶಕ್ತಿ ಕಳೆಯಬೇಕಾದ್ದಿಲ್ಲ. ತೊಂದರೆ ಇರುವುದು ಅಳತೆಯಲ್ಲಿ, ಜೋಡಣೆಯಲ್ಲಿ.

15 ಕೆವಿಎ ಅಂದರೆ 0.8 ಪವರ್ ಫ್ಯಾಕ್ಟರಿನಲ್ಲಿ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 12 ಕಿಲೋವ್ಯಾಟ್. ಕೇಳಲು ದೊಡ್ಡದು. ಆದರೆ ಅದು ಮೂರು ಫೇಸಿಗೆ ಹಂಚಿದ ಶಕ್ತಿ. ಒಂದೊಂದು ಫೇಸಿಗೆ ಸಿಗುವುದು 5 ಕೆವಿಎ, ಅಂದರೆ ಸುಮಾರು 21 ಆಂಪಿಯರ್ ಮಾತ್ರ. ಪಕ್ಕದ ಫೇಸ್ ಖಾಲಿ ಇದೆ ಅಂತ ಈ ಫೇಸಿಗೆ ಸಾಲ ಸಿಗುವುದಿಲ್ಲ. 10 ಕೆವಿಎ ಸಿಂಗಲ್ ಫೇಸ್ ಸೆಟ್ಟು ಒಂದೇ ತಂತಿಯಲ್ಲಿ 43 ಆಂಪಿಯರ್ ಕೊಡುತ್ತದೆ. ಮನೆಯಲ್ಲಿರುವ ಫ್ರಿಜ್ಜು, ಎಸಿ, ಸಂಪಿನ ಮೋಟಾರು, ಒಂದೂವರೆ ಎಚ್.ಪಿ. ಬೋರಿನ ಮೋಟಾರು ಎಲ್ಲವೂ ಸಿಂಗಲ್ ಫೇಸ್ ಸಾಮಾನೇ. ಅವಕ್ಕೆ ಬೇಕಾದದ್ದು ಒಂದು ಫೇಸಿನಲ್ಲಿ ಸಿಗುವ ಬಲ. ಹಾಳೆಯ ಮೇಲಿನ ಒಟ್ಟು ಕೆವಿಎಯಿಂದ ಅವಕ್ಕೆ ಉಪಯೋಗವಿಲ್ಲ.

ಇದು ಗೊತ್ತಾಗುವುದು ಮೋಟಾರ್ ಶುರುವಾಗುವ ಗಳಿಗೆಯಲ್ಲಿ. ಒಂದೂವರೆ ಎಚ್.ಪಿ. ಸಬ್‌ಮರ್ಸಿಬಲ್ ಓಡುವಾಗ 10 ಆಂಪಿಯರ್ ಆಸುಪಾಸು ಎಳೆಯುತ್ತದೆ. ಶುರುವಾಗುವಾಗ ಅದರ ನಾಲ್ಕೈದು ಪಟ್ಟು, ಅಂದರೆ 40ರಿಂದ 50 ಆಂಪಿಯರ್. ಅದೇ ಫೇಸಿನಲ್ಲಿ ಫ್ರಿಜ್ಜು, ಫ್ಯಾನು, ದೀಪಗಳು ಸೇರಿ 6 ಆಂಪಿಯರ್ ಇದ್ದರೆ ಒಟ್ಟು 50 ದಾಟಿತು. 21 ಆಂಪಿಯರಿನ ಫೇಸಿಗೆ ಇದು ಎರಡೂವರೆ ಪಟ್ಟು ಭಾರ. ಆ ಫೇಸಿನ ವೋಲ್ಟೇಜ್ ಕುಸಿಯುತ್ತದೆ, ಮೋಟಾರ್ ಗುನುಗುತ್ತಾ ನಿಲ್ಲುತ್ತದೆ, ಸ್ಟಾರ್ಟರ್ ಪ್ಯಾನಲ್ಲಿನ ಕೆಪಾಸಿಟರ್ ಬಿಸಿಯಾಗುತ್ತದೆ. ಆಲ್ಟರ್ನೇಟರಿನ (ಜನರೇಟರಿನಲ್ಲಿ ಕರೆಂಟು ಹುಟ್ಟಿಸುವ ಭಾಗ) ವೋಲ್ಟೇಜ್ ರೆಗ್ಯುಲೇಟರ್ ಈ ಕುಸಿತ ಸರಿಪಡಿಸಲು ಹೊರಟರೆ ಭಾರವಿಲ್ಲದ ಉಳಿದೆರಡು ಫೇಸುಗಳ ವೋಲ್ಟೇಜ್ ಮೇಲೇರುತ್ತದೆ. ಟಿವಿ, ರೂಟರ್ ಇರುವುದು ಅಲ್ಲೇ. "ಜನರೇಟರ್ ಹಾಕಿದಾಗಲೇ ಸಾಮಾನು ಹಾಳಾಗುತ್ತೆ" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ಅಸಮತೋಲ. ಅದೇ ಮೋಟಾರನ್ನು 43 ಆಂಪಿಯರಿನ ಸಿಂಗಲ್ ಫೇಸ್ ಸೆಟ್ಟಿಗೆ ಕೊಟ್ಟರೆ ಭಾರ ಕಾಲುಪಾಲಿನಷ್ಟು ಮಾತ್ರ ಹೆಚ್ಚು, ಅದೂ ಒಂದೆರಡು ಸೆಕೆಂಡು. ದೀಪ ಒಮ್ಮೆ ಮಂಕಾಗಿ ಮೋಟಾರ್ ಎದ್ದುಬಿಡುತ್ತದೆ.

ಹಾಗಾದರೆ ಲೆಕ್ಕ ಶುರು ಮಾಡುವುದು ಎಲ್ಲಿಂದ? ಮೀಟರ್ ಬೋರ್ಡಿನಿಂದ. ಎಲ್ಲ ಸಾಮಾನಿನ ಮೇಲಿನ ವ್ಯಾಟ್ ಕೂಡಿಸಿದರೆ ಇಂಥ ಮನೆಗೆ 20 ಕಿಲೋವ್ಯಾಟ್ ಸುಲಭವಾಗಿ ದಾಟುತ್ತದೆ. ಆ ಕೂಡಿಕೆಯಿಂದ ಪ್ರಯೋಜನವಿಲ್ಲ, ಯಾಕೆಂದರೆ ಎಲ್ಲವೂ ಒಟ್ಟಿಗೆ ಓಡುವುದಿಲ್ಲ. ಡಿಜಿಟಲ್ ಮೀಟರಿನಲ್ಲಿ ಎಂ.ಡಿ. ಅಂತ ಒಂದು ಅಂಕಿ ಬರುತ್ತದೆ: ಆ ತಿಂಗಳಲ್ಲಿ ಮನೆ ಎಳೆದ ಅತಿ ಹೆಚ್ಚು ಭಾರ. ಕ್ಷಣದ ಜಿಗಿತ ಅದರಲ್ಲಿ ಕಾಣುವುದಿಲ್ಲ, ಅದು ಕೆಲವು ನಿಮಿಷಗಳ ಸರಾಸರಿ. ಏಪ್ರಿಲ್, ಮೇ ತಿಂಗಳ ಎಂ.ಡಿ. ನೋಡಿಕೊಳ್ಳಿ, ಹೊಸದಾಗಿ ಬರುವ ಸಾಮಾನನ್ನು ಅದರ ಮೇಲೆ ಕೂಡಿಸಿ. ಜೊತೆಗೆ ಎಲೆಕ್ಟ್ರೀಷಿಯನ್ ಕೈಯಲ್ಲಿ ತಂತಿಯ ಸುತ್ತ ಹಿಡಿದು ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್ ಇರಲಿ. ಸಂಜೆ ಅಡುಗೆ, ಎಸಿ, ಮೋಟಾರ್ ಓಡುವ ಹೊತ್ತಿನಲ್ಲಿ ಅಳೆದ ಆಂಪಿಯರ್ ಯಾವ ಕ್ಯಾಟಲಾಗಿಗಿಂತಲೂ ನಂಬಿಕೆಗೆ ಅರ್ಹ. ಕ್ಲ್ಯಾಂಪ್ ಮೀಟರಿನಲ್ಲಿ 'ಇನ್‌ರಶ್' ಗುಂಡಿಯಿದ್ದರೆ ಮೋಟಾರ್ ಶುರುವಾಗುವ ಕ್ಷಣದ ಜಿಗಿತವೂ ಸಿಗುತ್ತದೆ. ಅದಿಲ್ಲದ ಮೀಟರ್ ಹಿಡಿದು ಬಂದವರು ಜನರೇಟರಿನ ಗಾತ್ರ ಹೇಳಿದರೆ ಅದು ಅಂದಾಜು ಅಷ್ಟೇ.

ಐದಾರು ಜನರ ಮನೆಯ ಒಂದು ಲೆಕ್ಕ ನೋಡಿ. ಕರೆಂಟು ಹೋದಾಗಲೂ ಬೇಕಾದದ್ದು: ದೀಪಗಳಿಗೆ 200 ವ್ಯಾಟ್, ಐದು ಫ್ಯಾನಿಗೆ 375, ಫ್ರಿಜ್ಜುಗಳಿಗೆ 300, ಟಿವಿ, ರೂಟರ್, ಕ್ಯಾಮೆರಾ 200, ಮಿಕ್ಸಿ 750, ಒಂದು ಒಂದೂವರೆ ಟನ್ ಇನ್ವರ್ಟರ್ ಎಸಿಗೆ 1600, ಒಂದು ಎಚ್.ಪಿ. ಸಂಪಿನ ಮೋಟಾರಿಗೆ 1000. ಎಲ್ಲ ಸೇರಿ ಸುಮಾರು ನಾಲ್ಕೂವರೆ ಕಿಲೋವ್ಯಾಟ್, ಪವರ್ ಫ್ಯಾಕ್ಟರ್ ಲೆಕ್ಕ ಹಿಡಿದರೆ 23 ಆಂಪಿಯರಿನಷ್ಟು. ಸಂಪಿನ ಮೋಟಾರ್ ಕೊನೆಗೆ ಶುರುವಾದರೂ ಕ್ಷಣಿಕ ಏರಿಕೆ 50 ಆಂಪಿಯರಿನ ಆಸುಪಾಸಿಗೆ ನಿಲ್ಲುತ್ತದೆ. ಇದಕ್ಕೆ 10 ಕೆವಿಎ ಸಿಂಗಲ್ ಫೇಸ್ ನೆಮ್ಮದಿಯ ಗಾತ್ರ. ಎಸಿ ನಿಲ್ಲಿಸಿ ಮೋಟಾರ್ ಹಾಕುವ ಶಿಸ್ತು ಮನೆಯವರಿಗಿದ್ದರೆ 7.5 ಕೆವಿಎ ಕೂಡ ಸಾಕು, ಅದರ ಸಾಮರ್ಥ್ಯ 32 ಆಂಪಿಯರ್ ಚಿಲ್ಲರೆ. ಎಸಿ ಹಳೆಯ ಮಾದರಿಯದಾಗಿ, ಇನ್ವರ್ಟರ್ ಅಲ್ಲದ್ದಾದರೆ ಅದರ ಕಂಪ್ರೆಸರನ್ನೂ ಒಂದು ಮೋಟಾರ್ ಅಂತಲೇ ಲೆಕ್ಕ ಹಿಡಿಯಬೇಕು.

ಕರೆಂಟು ಹೋದಾಗ ಬೇಡದ್ದು: ಗೀಸರ್ 2 ಕಿಲೋವ್ಯಾಟ್, ಇಂಡಕ್ಷನ್ ಒಲೆ 2, ಎರಡನೇ ಎಸಿ, ಬಿಸಿನೀರಿನ ವಾಷಿಂಗ್ ಮೆಷೀನ್, ಕಾರ್ ಚಾರ್ಜರ್. ಜನರೇಟರಿನಲ್ಲಿ ಕಾರ್ ಚಾರ್ಜ್ ಮಾಡುವ ಆಸೆಯನ್ನು ಮೊದಲೇ ಬಿಟ್ಟುಬಿಡುವುದು ಒಳ್ಳೆಯದು. ಸೋಲಾರ್ ವಾಟರ್ ಹೀಟರ್ ಮೈಸೂರಿನ ಬಹಳ ಮನೆಗಳ ತಾರಸಿಯ ಮೇಲಿದೆ, ಆದರೆ ಅದರೊಳಗೊಂದು 2 ಕಿಲೋವ್ಯಾಟಿನ ಕಾಯಿಲ್ ಇರುತ್ತದೆ. ಮೋಡದ ದಿನ ಸ್ವಿಚ್ ಹಾಕಿ ಮರೆತಿದ್ದರೆ ಜನರೇಟರ್ ಮೇಲೆ ಅದರ ಭಾರವೂ ಬೀಳುತ್ತದೆ. ಆ ವೈರನ್ನು ಜನರೇಟರ್ ಕಡೆಯ ಬೋರ್ಡಿನಿಂದ ಹೊರಗಿಡಿ.

ಈಗ ಈ ಭಾಗದ ವಿದ್ಯುತ್ ಕಂಪನಿ ಸೆಸ್ಕ್‌ನಿಂದ ಮಂಜೂರು ಮಾಡಿಸುವ ಲೋಡಿನ ವಿಷಯ. 5 ಕಿಲೋವ್ಯಾಟ್ ದಾಟುವ ಮನೆಗೆ ಮೂರು ಫೇಸ್ ಕೇಳುವುದೇ ಸರಿ. ಮೇಲಿನ ಮನೆಗೆ 16 ಆಂಪಿಯರ್ ಪ್ಲಗ್ಗಿನ 3.3 ಕಿಲೋವ್ಯಾಟ್ ಚಾರ್ಜರ್ ಇದ್ದು ಅದು ರಾತ್ರಿ ಮಾತ್ರ ಓಡುವುದಾದರೆ 10 ಕಿಲೋವ್ಯಾಟ್ ಸಾಕು. ಗೋಡೆಗೆ ಕೂರಿಸುವ 7.4 ಕಿಲೋವ್ಯಾಟ್ ಚಾರ್ಜರ್ ಒಂದೇ ಫೇಸಿನಲ್ಲಿ 32 ಆಂಪಿಯರ್ ಎಳೆಯುತ್ತದೆ. ಅದು ಬರುವುದಾದರೆ ಕೇಬಲ್ಲು, ಎಂಸಿಬಿ (ಭಾರ ಮೀರಿದರೆ ತಾನೇ ಬೀಳುವ ಸ್ವಿಚ್), ಫೇಸ್ ಹಂಚಿಕೆ ಎಲ್ಲ ಬದಲಾಗುತ್ತವೆ, ಆದ್ದರಿಂದ ಕಾರು ಕೊಳ್ಳುವ ಮುಂಚೆಯೇ ತೀರ್ಮಾನಿಸಿ. ಹೆಚ್ಚಿಗೆ ಕಿಲೋವ್ಯಾಟ್ ಮಂಜೂರು ಮಾಡಿಸಿಕೊಂಡರೆ ನಷ್ಟವೇನು ಅಂತ ಕೇಳುವವರಿದ್ದಾರೆ. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ತಿಂಗಳು ತಿಂಗಳು ಬರುತ್ತದೆ, ಠೇವಣಿಯೂ ಹಾಗೇ ಏರುತ್ತದೆ. ಗೃಹಜ್ಯೋತಿಯಲ್ಲಿರುವ ಮನೆಗಳು ಇನ್ನೊಂದು ಲೆಕ್ಕ ನೋಡಿಕೊಳ್ಳಬೇಕು: 3.3 ಕಿಲೋವ್ಯಾಟ್ ಚಾರ್ಜರ್ ದಿನಕ್ಕೆ ಮೂರು ಗಂಟೆ ಓಡಿದರೆ ತಿಂಗಳಿಗೆ 300 ಯೂನಿಟ್ ಆಯಿತು. 200ರ ಮಿತಿ ಅದೊಂದರಿಂದಲೇ ದಾಟುತ್ತದೆ.

10 ಕಿಲೋವ್ಯಾಟಿಗೆ ಸಮನಾಗಿ ಹಂಚಿದರೆ ಫೇಸಿಗೆ 16 ಆಂಪಿಯರ್ ಚಿಲ್ಲರೆ. ಸರ್ವಿಸಿಗೆ 16 ಚದರ ಮಿಲಿಮೀಟರಿನ ನಾಲ್ಕು ಕೋರ್ ಅಲ್ಯುಮಿನಿಯಂ ಆರ್ಮರ್ಡ್ ಕೇಬಲ್ ಹಾಕಿಸಿ. ಇಂದಿನ ಭಾರಕ್ಕೆ 10 ಸಾಕು ಅಂತ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಮುಂದೆ ಕಾಂಕ್ರೀಟ್ ಒಡೆದು ಕೇಬಲ್ ಬದಲಿಸುವ ಖರ್ಚಿನ ಮುಂದೆ ಈಗಿನ ವ್ಯತ್ಯಾಸ ಏನೂ ಅಲ್ಲ. ಅಲ್ಯುಮಿನಿಯಂ ತಂತಿಯನ್ನು ನೇರವಾಗಿ ಹಿತ್ತಾಳೆ ಟರ್ಮಿನಲ್ಲಿಗೆ ತಿರುಗಿಸಿ ಬಿಗಿಯುವುದು ಬೇಡ. ಎರಡು ಲೋಹ ಸೇರಿಸಿ ಮಾಡಿದ ಬೈಮೆಟಲ್ ಲಗ್ಗು ಹಾಕಿ ಒತ್ತಿಸಬೇಕು. ಅಲ್ಲಿ ಮೊದಲು ಸಡಿಲಾಗಿ ಸುಡುವುದು ಹೆಚ್ಚಾಗಿ ನ್ಯೂಟ್ರಲ್, ಅಂದರೆ ಕರೆಂಟು ಮರಳುವ ತಂತಿ.

ಮೂರು ಫೇಸಿನ ಮನೆಯಲ್ಲಿ ನ್ಯೂಟ್ರಲ್ ಕಡಿದರೆ ಏನಾಗುತ್ತದೆಂದು ಪ್ಯಾಕೇಜ್ ಮಾರುವವರು ಹೇಳುವುದು ತೀರಾ ಅಪರೂಪ. ಸಿಂಗಲ್ ಫೇಸ್ ಮನೆಯಲ್ಲಿ ನ್ಯೂಟ್ರಲ್ ಹೋದರೆ ಕರೆಂಟು ಹೋಗುತ್ತದೆ ಅಷ್ಟೇ. ಮೂರು ಫೇಸಿನಲ್ಲಿ ಹೋದರೆ ಕಡಿಮೆ ಭಾರದ ಫೇಸಿಗೆ 230ರ ಬದಲು 300, 350 ವೋಲ್ಟ್ ನುಗ್ಗಬಹುದು, ಗರಿಷ್ಠ 400ರ ಹತ್ತಿರ. ಮೇ ತಿಂಗಳ ಗಾಳಿಮಳೆಗೆ ಯಾದವಗಿರಿ, ಜಯಲಕ್ಷ್ಮೀಪುರಂ ಥರದ ಹಳೆ ಮರಗಳ ಬೀದಿಗಳಲ್ಲಿ ಕೊಂಬೆ ತಂತಿಯ ಮೇಲೆ ಬಿದ್ದಾಗ ಇದು ಆಗಬಹುದಾದ ಸಂಗತಿ. ಮೀಟರಿನ ನಂತರ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಒಂದನ್ನು, ಸಿಡಿಲಿಗಾಗಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಒಂದನ್ನು ಕೂರಿಸಲೇಬೇಕು. ಜನರೇಟರನ್ನು 15ರಿಂದ 10ಕ್ಕೆ ಇಳಿಸಿ ಉಳಿಸಿದ ದುಡ್ಡು ಹೋಗಬೇಕಾದದ್ದು ಇಲ್ಲಿಗೆ.

ಮನೆಗೆ ಮೂರು ಫೇಸ್, ಜನರೇಟರಿಗೆ ಸಿಂಗಲ್ ಫೇಸ್. ಇವೆರಡನ್ನು ಕೂಡಿಸುವುದು ಹೇಗೆ? ರೂಢಿಯಲ್ಲಿರುವ ಒಂದು ದಾರಿ ಅಪಾಯದ್ದು: ಕಂಬದ ಕರೆಂಟು, ಜನರೇಟರ್ ಎರಡರಲ್ಲೊಂದನ್ನೇ ಮನೆಗೆ ಕೊಡುವ ಸ್ವಿಚ್ಚಾದ ಚೇಂಜ್‌ಓವರಿನ ಜನರೇಟರ್ ಕಡೆ ಮೂರೂ ಫೇಸನ್ನು ಲಿಂಕ್ ಹಾಕಿ ಸೇರಿಸುವುದು. ಕಂಬದ ಕರೆಂಟಿನಲ್ಲಿ ಮೂರು ಫೇಸುಗಳ ಕರೆಂಟು ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಕಳೆಯುತ್ತದೆ. ಲಿಂಕ್ ಹಾಕಿದಾಗ ಕಳೆಯುವುದಿಲ್ಲ, ಕೂಡುತ್ತದೆ. ಫೇಸ್ ತಂತಿಗಳಲ್ಲಿ 14 ಆಂಪಿಯರಿನಂತೆ ಹೋದದ್ದು ನ್ಯೂಟ್ರಲ್ ತಂತಿಯಲ್ಲಿ 42 ಆಗಿ ಮರಳುತ್ತದೆ. ಸಣ್ಣ ನ್ಯೂಟ್ರಲ್ ಇದ್ದರೆ ಅದು ಸುಡುತ್ತದೆ, ಎಂಸಿಬಿ ಬೀಳುವುದೂ ಇಲ್ಲ. ಆ ಬೋರ್ಡಿಗೆ ಯಾವುದಾದರೂ ಮೂರು ಫೇಸ್ ಮೋಟಾರ್ ಸೇರಿಕೊಂಡಿದ್ದರೆ ಅದೂ ಹೋಯಿತು.

ಸರಿಯಾದ ದಾರಿ ಬೋರ್ಡನ್ನೇ ಎರಡು ಮಾಡುವುದು. ಬೇಕೇಬೇಕಾದ ಸಾಮಾನೆಲ್ಲ ಒಂದು ಸಿಂಗಲ್ ಫೇಸ್ ಬೋರ್ಡಿಗೆ, ಅದಕ್ಕೆ 63 ಆಂಪಿಯರಿನ ಎರಡು ಪೋಲ್ ಚೇಂಜ್‌ಓವರ್. ಗೀಸರ್, ಚಾರ್ಜರ್, ಇಂಡಕ್ಷನ್, ಎರಡನೇ ಎಸಿ ಉಳಿದೆರಡು ಫೇಸಿನ ಬೋರ್ಡಿಗೆ, ಅದಕ್ಕೆ ಜನರೇಟರಿನ ಸಂಬಂಧವೇ ಇಲ್ಲ. ಚೇಂಜ್‌ಓವರಿಗೆ ಮುಂಚೆ, ಕಂಬದ ಕಡೆ, ಒಂದು ಫೇಸ್ ಸೆಲೆಕ್ಟರ್ ಸ್ವಿಚ್ ಇಟ್ಟರೆ ಟಿಸಿಯಲ್ಲಿ (ಬೀದಿಯ ಟ್ರಾನ್ಸ್‌ಫಾರ್ಮರ್) ಒಂದು ಫೇಸಿನ ಫ್ಯೂಸ್ ಹೋದಾಗ ಇನ್ನೊಂದು ಫೇಸಿಗೆ ತಿರುಗಿಸಿಕೊಳ್ಳಬಹುದು, ಜನರೇಟರ್ ಹಚ್ಚಬೇಕಿಲ್ಲ. ಹಾಗೆ ತಿರುಗಿಸುವ ಮೊದಲು ಆ ಫೇಸಿನ ಗೀಸರೋ ಚಾರ್ಜರೋ ಆರಿಸಿರಬೇಕು. ಜನರೇಟರಿನಿಂದ ಬೋರ್ಡಿಗೆ 10 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹಾಕಿ. 20 ಮೀಟರ್ ದೂರಕ್ಕೆ ಪೂರ್ತಿ ಭಾರದಲ್ಲಿ ಮೂರು ವೋಲ್ಟ್ ಚಿಲ್ಲರೆ ಮಾತ್ರ ಇಳಿಯುತ್ತದೆ.

ಚೇಂಜ್‌ಓವರ್ ಇಲ್ಲದೆ ಪ್ಲಗ್ ಪಾಯಿಂಟಿಗೆ ಜನರೇಟರಿನ ವೈರ್ ಚುಚ್ಚುವ ಪದ್ಧತಿಯನ್ನು ಯಾರೂ ಒಪ್ಪಬಾರದು. ಆ ಕರೆಂಟು ಮೀಟರ್ ದಾಟಿ ಟಿಸಿಗೆ ಹೋಗಿ ಅಲ್ಲಿಂದ 11,000 ವೋಲ್ಟಾಗಿ ಲೈನಿಗೇರಬಲ್ಲದು. ಕಂಬ ಹತ್ತಿದ ಲೈನ್‌ಮನ್‌ಗೆ ಅದು ಸಾವು.

ಅರ್ತಿಂಗ್ ವಿಷಯದಲ್ಲಿ ಕೊಟೇಶನ್ನುಗಳು "ಅರ್ತಿಂಗ್ – 1 ಸೆಟ್" ಅಂತ ಒಂದು ಸಾಲಿನಲ್ಲಿ ಮುಗಿಸುತ್ತವೆ. ಜನರೇಟರಿನ ಲೋಹದ ಮೈಗೆ ಎರಡು, ನ್ಯೂಟ್ರಲ್‌ಗೆ ಎರಡು ಪ್ರತ್ಯೇಕ ಸಂಪರ್ಕ ಬೇಕು. ಮುಖ್ಯವಾಗಿ, ಜನರೇಟರಿನ ನ್ಯೂಟ್ರಲ್ ಭೂಮಿಗೆ ಸೇರಿರಲೇಬೇಕು. ಸೇರದಿದ್ದರೆ ಜನರೇಟರ್ ಓಡುವಾಗ ಕರೆಂಟು ಸೋರಿದರೆ ಬೀಳಬೇಕಾದ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಶಾಕ್ ಹೊಡೆದರೂ ಬೀಳುವುದಿಲ್ಲ. ಇದರಲ್ಲೊಂದು ಮೋಸವಿದೆ: ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ ಕೆಲಸ ಮಾಡುವಂಥದ್ದು. ಅರ್ತಿಂಗ್ ಇಲ್ಲದಿದ್ದರೂ ಗುಂಡಿ ಒತ್ತಿದಾಗ ಅದು ಬೀಳುತ್ತದೆ, ಎಲ್ಲ ಸರಿಯಿದೆ ಅನ್ನಿಸಿಬಿಡುತ್ತದೆ. ಟೆಸ್ಟರಿಗೆ ಫೇಸ್, ನ್ಯೂಟ್ರಲ್ ಎರಡರಲ್ಲೂ ದೀಪ ಬಂದರೆ ನ್ಯೂಟ್ರಲ್ ತೇಲುತ್ತಿದೆ ಅಂತಲೇ ತಿಳಿಯಿರಿ. ಮೈಸೂರಿನ ಕೆಂಪು ಮಣ್ಣು ಬೇಸಿಗೆಯಲ್ಲಿ ಒಣಗಿ ರೆಸಿಸ್ಟೆನ್ಸ್ ಏರುತ್ತದೆ, ಅರ್ತ್ ಅಳೆಯುವುದನ್ನು ಮಾರ್ಚ್, ಏಪ್ರಿಲ್‌ನಲ್ಲೇ ಮಾಡಿಸಿ. ಕಾಲುವೆ ಬಯಲಿನ ಮಂಡ್ಯದ ತೇವದ ಮಣ್ಣಿನಲ್ಲಿ ಈ ತಾಪತ್ರಯ ಕಡಿಮೆ.

ತಾರಸಿಯ ಮೇಲೆ ಗ್ರಿಡ್ ಸೋಲಾರ್ ಇರುವವರು ಅದರ ಸಂಪರ್ಕವನ್ನು ಚೇಂಜ್‌ಓವರಿಗಿಂತ ಮುಂಚೆ, ಕಂಬದ ಕಡೆಯೇ ಉಳಿಸಿಕೊಳ್ಳಬೇಕು. ಜನರೇಟರಿನ ಕಡೆ ಸೇರಿದರೆ ಸೋಲಾರಿನ ಇನ್ವರ್ಟರ್ ಅದನ್ನೇ ಗ್ರಿಡ್ ಎಂದು ತಿಳಿದು ಆಲ್ಟರ್ನೇಟರಿಗೆ ಹಿಂದಕ್ಕೆ ಶಕ್ತಿ ತಳ್ಳುತ್ತದೆ.

ಡೀಸೆಲ್ ಲೆಕ್ಕ ಹೀಗೆ: ಇಂಥ ಸಣ್ಣ ಸೆಟ್ಟುಗಳು ಒಳ್ಳೆಯ ಭಾರದಲ್ಲಿ ಯೂನಿಟ್ಟಿಗೆ ಲೀಟರಿನ ಮೂರನೇ ಒಂದು ಪಾಲಿನಷ್ಟು ಕುಡಿಯುತ್ತವೆ. ಲೀಟರಿಗೆ 90 ರೂಪಾಯಿಯಂತೆ ಹಿಡಿದರೆ ಒಂದು ಯೂನಿಟ್ಟಿಗೆ 30 ರೂಪಾಯಿ. ಭಾರ ಕಡಿಮೆಯಾದಷ್ಟೂ ಇದು ದುಬಾರಿ. ಖರ್ಚಿಗಿಂತ ಕೆಟ್ಟದ್ದು ಎಂಜಿನ್ನಿಗೆ ಆಗುವ ಹಾನಿ. ರಾತ್ರಿ ಫ್ಯಾನು, ದೀಪ, ಫ್ರಿಜ್ಜು ಸೇರಿ 800 ವ್ಯಾಟ್. 12 ಕಿಲೋವ್ಯಾಟಿನ ಸೆಟ್ಟಿಗೆ ಅದು ನೂರಕ್ಕೆ ಏಳು. ನೂರಕ್ಕೆ 30ಕ್ಕಿಂತ ಕಡಿಮೆ ಭಾರದಲ್ಲಿ ಗಂಟೆಗಟ್ಟಲೆ ಓಡಿಸಿದರೆ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಸೈಲೆನ್ಸರಿನಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ, ಇಂಜೆಕ್ಟರ್ ಕೆಡುತ್ತದೆ. ಆದ್ದರಿಂದ ರಾತ್ರಿಯ ಸಣ್ಣ ಭಾರಕ್ಕೆ ಒಂದು ಯುಪಿಎಸ್, 150 ಎಎಚ್ ಬ್ಯಾಟರಿ ಇರಲೇಬೇಕು. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ ಅಂತ ಪ್ರಕಟಣೆ ಬಂದ ದಿನ ಜನರೇಟರನ್ನು ಮಧ್ಯೆ ಒಂದೆರಡು ಗಂಟೆ ಒಳ್ಳೆಯ ಭಾರದಲ್ಲಿ ಓಡಿಸಿ: ಟ್ಯಾಂಕಿಗೆ ನೀರು, ಬ್ಯಾಟರಿಗೆ ಚಾರ್ಜ್, ರುಬ್ಬುವುದು, ಒಗೆಯುವುದು ಎಲ್ಲ ಆಗಲೇ. ಯುಪಿಎಸ್ ಜನರೇಟರಿನ ಕರೆಂಟನ್ನು ತೆಗೆದುಕೊಳ್ಳದೆ ಹಠ ಮಾಡಿದರೆ ಹಿಂಭಾಗದ ಸ್ವಿಚ್ಚನ್ನು ಯುಪಿಎಸ್ ಮೋಡಿನಿಂದ ಇಕೋ ಮೋಡಿಗೆ ಹಾಕಿ ನೋಡಿ.

ಜಾಗದ ವಿಷಯಕ್ಕೆ ಬಂದರೆ, 30×40 ಸೈಟಿನ ಮನೆಗಳಿಗೆ ಈ ಪ್ಯಾಕೇಜನ್ನು ಮಾರಲೇಬಾರದು. ಡಬ್ಬದ ಸುತ್ತ ಒಂದು ಮೀಟರ್ ಖಾಲಿ ಬೇಕು, ಬಿಸಿಗಾಳಿ ಮರಳಿ ಒಳಗೆ ಎಳೆಯಬಾರದು, ಹೊಗೆ ಕೊಳವೆ ಯಾವ ಕಿಟಕಿಯ ಕಡೆಗೂ ತಿರುಗಬಾರದು. ಮುಚ್ಚಿದ ಪೋರ್ಟಿಕೋ, ನೆಲಮಾಳಿಗೆ ಖಂಡಿತ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. 75 ಡೆಸಿಬೆಲ್ ಎಂಬುದು ಒಂದು ಮೀಟರಿನ ಲೆಕ್ಕ, ಪಕ್ಕದ ಮನೆಯ ಮಲಗುವ ಕೋಣೆ ಮೂರು ಮೀಟರಿನಲ್ಲೇ ಇದ್ದರೆ ರಾತ್ರಿ ಅವರಿಗೆ ನಿದ್ದೆಯಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್.

ಹಣ ಪೂರ್ತಿ ಕೊಡುವ ಮುಂಚೆ ಅಂಗಡಿಯವರ ಎದುರಿಗೇ ಪರೀಕ್ಷೆ ಆಗಲಿ. ಖಾಲಿ ಓಡುವಾಗ 52 ಹರ್ಟ್ಸ್ ಆಸುಪಾಸು, ಪೂರ್ತಿ ಭಾರಕ್ಕೆ 50ರ ಹತ್ತಿರ ಇರಬೇಕು. ಎರಡು ಗೀಸರನ್ನೋ ಇಂಡಕ್ಷನ್ ಒಲೆಗಳನ್ನೋ ತಾತ್ಕಾಲಿಕವಾಗಿ ಸೇರಿಸಿ ಭಾರವನ್ನು ನೂರಕ್ಕೆ 75ಕ್ಕೆ ತಂದು ಒಂದು ಗಂಟೆ ಓಡಿಸಿ, ಪ್ರತಿ ಟರ್ಮಿನಲ್ ಬಿಸಿಯಾಗಿದೆಯೇ ನೋಡಿಸಿ. ಆಮೇಲೆ ಅವನ್ನು ತೆಗೆದು, ಮಾಮೂಲಿ ಭಾರದ ಮೇಲೆ ಬೋರಿನ ಮೋಟಾರ್ ಮೂರು ಸಲ ಹಾಕಿ ತೆಗೆಯಿರಿ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ವ್ಯಾಪಾರ ಬೇಡ.

ಮಂಡ್ಯ ಕಡೆಯ ತೋಟದ ಮನೆಗಳಿಗೆ ಮಾತ್ರ ತೀರ್ಪು ಬೇರೆ. ಮದ್ದೂರು, ಪಾಂಡವಪುರದ ಸುತ್ತ ಮನೆಯ ಜೊತೆಗೇ 5 ಎಚ್.ಪಿ. ಮೂರು ಫೇಸ್ ಪಂಪು ಓಡಿಸಬೇಕಾದವರಿಗೆ 15 ಕೆವಿಎ ಮೂರು ಫೇಸ್ ಸರಿಯಾದ ಯಂತ್ರ. ಆ ಪಂಪು ಓಡುವಾಗ ಫೇಸಿಗೆ 7, 8 ಆಂಪಿಯರ್. ನೇರವಾಗಿ ಶುರು ಮಾಡಿದರೆ 45ರವರೆಗೆ ಜಿಗಿಯುತ್ತದೆ, ಮೊದಲು ಕಡಿಮೆ ವೋಲ್ಟೇಜಿನಲ್ಲಿ ಎಬ್ಬಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಅದರ ಮೂರನೇ ಒಂದು ಪಾಲು. ಮೊದಲು ಪಂಪು ಶುರುವಾಗಲಿ, ಆಮೇಲೆ ಮನೆಯ ಭಾರ. ಮನೆಯ ಸಿಂಗಲ್ ಫೇಸ್ ಸಾಮಾನನ್ನು ಮೂರೂ ಫೇಸಿಗೆ ಹಂಚಿ, ನಾಲ್ಕು ಪೋಲಿನ ಚೇಂಜ್‌ಓವರ್ ಹಾಕಿಸಿ. ಜನರೇಟರಿನ ಫೇಸ್ ಕ್ರಮ ಕಂಬದ ಕ್ರಮಕ್ಕೆ ಹೊಂದದಿದ್ದರೆ ಪಂಪು ಉಲ್ಟಾ ತಿರುಗಿ ನೀರು ಸಣ್ಣಗೆ ಬರುತ್ತದೆ. ಆಗ ಜನರೇಟರ್ ಕಡೆಯ ಯಾವುದಾದರೂ ಎರಡು ಫೇಸಿನ ತಂತಿ ಅದಲುಬದಲು ಮಾಡಿಸಿದರೆ ಸರಿಹೋಗುತ್ತದೆ. ಸ್ಟಾರ್ಟರಿನಲ್ಲಿ ಬದಲಿಸಿದರೆ ಕಂಬದ ಕರೆಂಟು ಬಂದಾಗ ಮತ್ತೆ ಉಲ್ಟಾ ತಿರುಗುತ್ತದೆ.